ವಯಾರ್ತಾದಲ್ಲಿ ಸಂಜೆ ಏಳರ ಮೇಲೆ: ಹೊಸದಾಗಿ ಬಂದ ಕನ್ನಡದವರಿಗೆ

ಮೆಕ್ಸಿಕೊದ ಕಡಲತೀರದ ಈ ಊರಿನ ಹೆಸರಿನಿಂದಲೇ ಶುರುಮಾಡೋಣ. ಬರೆಯುವಾಗ ಎರಡು ಎಲ್, ಹೇಳುವಾಗ ಪ್ವೆರ್ತೊ ವಯಾರ್ತಾ. 'ವಲ್ಲಾರ್ಟಾ' ಎಂದರೆ ಇಲ್ಲಿ ಯಾರೂ ತಿದ್ದುವುದಿಲ್ಲ. ನಕ್ಕು, ಇಂಗ್ಲಿಷಿನಲ್ಲಿ ಉತ್ತರಿಸಿ, ಪ್ರವಾಸಿಗರ ರೇಟು ಹೇಳುತ್ತಾರೆ. ಸ್ಪ್ಯಾನಿಷಿನ ತ, ದ ನಮ್ಮ ತ, ದ ಇದ್ದ ಹಾಗೇ ಇವೆ, ಅಮೆರಿಕದವರಿಗೆ ಹೊರಳದ ನಾಲಿಗೆ ನಮಗೆ ಸಲೀಸಾಗಿ ಹೊರಳುತ್ತದೆ. ಒಂದನೇ ಕ್ಲಾಸಿನಲ್ಲಿ ತಿದ್ದಿ ತಿದ್ದಿ ಕೈ ನೋಯಿಸಿಕೊಂಡು ಆಮೇಲೆ ಎಲ್ಲೂ ಬಳಸದೆ ಬಿಟ್ಟ ಞ ಅಕ್ಷರಕ್ಕೆ ಇಲ್ಲಿ ಕೊನೆಗೂ ಕೆಲಸ ಸಿಗುತ್ತದೆ: ಮಞಾನಾ, ಸೆಞೋರಾ, ಪಿಞಾತಾ.

ಕಾಗದಪತ್ರದ ವಿಷಯ ಎರಡೇ ಮಾತು. ತಾತ್ಕಾಲಿಕ ವಾಸದ ವೀಸಾದಲ್ಲಿ ಬಂದವರು ದೇಶಕ್ಕೆ ಕಾಲಿಟ್ಟ 30 ದಿನದೊಳಗೆ ವಲಸೆ ಕಚೇರಿಯಲ್ಲಿ ಕಾರ್ಡಿನ ಕೆಲಸ ಶುರುಮಾಡಬೇಕು. ಅರ್ಜಿಗಳಲ್ಲಿ ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು ಮನೆತನದ ಹೆಸರು ಕೇಳುತ್ತಾರೆ. ಇನಿಷಿಯಲ್ ನಂಬಿ ಬದುಕಿದ ನಾವು ಪಾಸ್‌ಪೋರ್ಟಿನಲ್ಲಿ ಇದ್ದದ್ದನ್ನೇ ಎಲ್ಲ ಕಡೆ ಒಂದೇ ಥರ ಬರೆಸಬೇಕು.

ಇನ್ನು ನಿಜವಾದ ವಿಷಯ. ರಾಜ್ಯದ ರಾಜಧಾನಿ ಗ್ವಾದಲಹಾರಾದ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ಕಡಲಿನ ಆಸೆಗೆ ಇಲ್ಲಿಗೆ ಸರಿದವರಿರಲಿ, ಲ್ಯಾಪ್‌ಟಾಪ್ ಹಿಡಿದು ನೇರ ಇಲ್ಲಿಗೇ ಬಂದವರಿರಲಿ, ನಾವು ಮಾಡುವ ಮೊದಲ ತಪ್ಪು ಒಂದೇ: ಯಾರಾದರೂ ಮನೆಗೆ ಕರೆಯಲಿ ಎಂದು ಕಾಯುತ್ತ ಕೂರುವುದು. ಕರೆಯುವುದಿಲ್ಲ. ಆಮೇಲೆ 'ಈ ಜನ ಒಳಗೆ ಬಿಟ್ಟುಕೊಳ್ಳಲ್ಲ ಕಣ್ರೀ' ಎಂದು ನಮ್ಮ ನಮ್ಮಲ್ಲೇ ಗೊಣಗಿಕೊಂಡು, ಐದು ಮನೆಯವರು ಸೇರಿ ಶನಿವಾರ ಶನಿವಾರ ಪುಳಿಯೋಗರೆ ಕಲೆಸುತ್ತೇವೆ. ಇಲ್ಲಿನ ಸಾಮಾಜಿಕ ಜೀವನ ಮನೆಯೊಳಗೆ ಶುರುವಾಗುವುದೇ ಇಲ್ಲ, ಪ್ಲಾಸಾದ, ಅಂದರೆ ಊರ ನಡುವಿನ ಚೌಕದ ಬೆಂಚಿನ ಮೇಲೆ ಶುರುವಾಗುತ್ತದೆ. ಅರಳಿಕಟ್ಟೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೂ ನಾವು ಪ್ಲಾಸಾಕ್ಕೆ ಹೋಗಿ, ನಾಲ್ಕು ಫೋಟೊ ಹೊಡೆದು, ಹತ್ತು ನಿಮಿಷಕ್ಕೆ ವಾಪಸ್ ಬರುತ್ತೇವೆ.

ಮಾಡಬೇಕಾದದ್ದು ಇಷ್ಟು. ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಳ್ಳಿ. ಅದೇ ಹೊತ್ತಿಗೆ, ಅದೇ ಬೆಂಚಿನ ಆಸುಪಾಸಿಗೆ ಹೋಗಿ. ಹೋದರೆ ಒಂದೂವರೆ ಗಂಟೆ ಕೂತಿರಿ. ಮೊದಲ ಮೂರು ವಾರ ಏನೂ ಆಗುವುದಿಲ್ಲ. ನಾಲ್ಕನೇ ವಾರ ಪಕ್ಕದ ಬೆಂಚಿನ ಅಜ್ಜಿಯೇ ನಿಮ್ಮ ಮಗುವಿನ ಹೆಸರು ಕೇಳುತ್ತಾರೆ.

ಜಾಗಗಳು ಕೈಗೆಟುಕುವಷ್ಟು ಹತ್ತಿರ. ಕಡಲಂಚಿನ ನಡಿಗೆದಾರಿ ಮಲೆಕೋನ್, ಅದರ ಬೆನ್ನಿಗೇ ಪ್ಲಾಸಾ ದೆ ಆರ್ಮಾಸ್, ಅದರ ಹಿಂದೆ ತಲೆಯ ಮೇಲೆ ಕಿರೀಟ ಹೊತ್ತ, ಗ್ವಾದಲೂಪೆಯ ಮೇರಿಮಾತೆಯ ಚರ್ಚು. ಕಡಲಕುದುರೆ ಏರಿದ ಹುಡುಗನ ಕಂಚಿನ ಪ್ರತಿಮೆಯನ್ನು ಎಲ್ಲರೂ 'ಕಬಾಯಿತೊ' ಎನ್ನುತ್ತಾರೆ. ಯಾರನ್ನಾದರೂ ಭೇಟಿಯಾಗುವುದಿದ್ದರೆ 'ಕಬಾಯಿತೊ ಹತ್ತಿರ' ಎಂದರೆ ಸಾಕು. ಉದ್ದ ಕಂಬದ ತುದಿಗೆ ಐವರು ಹತ್ತಿ, ಒಬ್ಬ ಮೇಲೇ ಕೂತು ಕೊಳಲು ಮತ್ತು ಪುಟ್ಟ ಡೋಲು ನುಡಿಸುತ್ತಿದ್ದರೆ, ನಾಲ್ವರು ಹಗ್ಗ ಕಟ್ಟಿಕೊಂಡು ತಲೆಕೆಳಗಾಗಿ ಸುತ್ತುತ್ತ ಇಳಿಯುತ್ತಾರೆ. ಅವರೇ ಬೊಲದೋರೆಸ್. ಒಬ್ಬೊಬ್ಬರದು 13 ಸುತ್ತು, ಒಟ್ಟು 52, ಅದು ಸ್ಪೇನಿನವರು ಬರುವ ಮೊದಲಿನ ಇಲ್ಲಿನ ಜನರ ಕಾಲಚಕ್ರದ ವರ್ಷಗಳ ಲೆಕ್ಕ. 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಆಚರಣೆ ಇದು. ಇಳಿದ ಮೇಲೆ ಟೋಪಿ ಹಿಡಿದು ಬರುತ್ತಾರೆ. ಆ ಕ್ಷಣಕ್ಕೆ ಸರಿಯಾಗಿ ಫೋನ್ ನೋಡುತ್ತ ಜಾರಿಕೊಳ್ಳುವವರಲ್ಲಿ ನಮ್ಮವರ ಸಂಖ್ಯೆ ಕಡಿಮೆಯೇನಿಲ್ಲ. 20 ಪೆಸೊ ಹಾಕಿ.

ಅಕ್ಟೋಬರ್ ಕೊನೆಯಿಂದ ಮೇವರೆಗೆ ಬುಧವಾರ ಸಂಜೆ 6ರಿಂದ 10ರ ತನಕ ಹಳೇ ಊರಿನ ಗ್ಯಾಲರಿಗಳೆಲ್ಲ ಬಾಗಿಲು ತೆರೆದಿರುತ್ತವೆ, ಟಿಕೆಟ್ಟಿಲ್ಲ. ನವೆಂಬರಿನಿಂದ ಶನಿವಾರ ಬೆಳಿಗ್ಗೆ ಲಾಸಾರೊ ಕಾರ್ದೆನಾಸ್ ಪಾರ್ಕಿನಲ್ಲಿ ಸಂತೆ; ಅಲ್ಲಿ ಇಂಗ್ಲಿಷೇ ಜಾಸ್ತಿ, ಬೆಲೆಯೂ ಹಾಗೇ. ಭಾನುವಾರ ಸಂಜೆ ಮಾತ್ರ ತಪ್ಪಿಸಬೇಡಿ, ಪ್ಲಾಸಾದಲ್ಲಿ ದಾನ್ಸೋನ್ ಇರುತ್ತದೆ.

ದಾನ್ಸೋನ್ ಕ್ಯೂಬಾದಿಂದ ಬಂದ ಜೋಡಿ ಕುಣಿತ. ಎಪ್ಪತ್ತು ದಾಟಿದವರು ಇಸ್ತ್ರಿ ಹಾಕಿದ ಶರ್ಟು, ಬೀಸಣಿಗೆ ಸಮೇತ ಬಂದಿರುತ್ತಾರೆ. ಹೆಜ್ಜೆ ಸಣ್ಣದು, ಒಂದು ಹಾಸುಗಲ್ಲಿನ ಮೇಲೇ ಮುಗಿಯುವಂಥದ್ದು. ಹೊಸಬರು ಎಡವುವುದು ಹೆಜ್ಜೆಯಲ್ಲಿ ಅಲ್ಲವೇ ಅಲ್ಲ, ನಿಲ್ಲುವುದರಲ್ಲಿ. ಹಾಡಿಗೆ ನಮ್ಮ ಪಲ್ಲವಿಯಂಥದ್ದೊಂದು ಇದೆ. ಅದು ಮರಳಿ ಬಂದಾಗಲೆಲ್ಲ ಜೋಡಿಗಳು ಕುಣಿತ ನಿಲ್ಲಿಸಿ, ಅಕ್ಕಪಕ್ಕ ನಿಂತು, ಬೀಸಣಿಗೆ ಬೀಸಿಕೊಂಡು ವಾದ್ಯದವರ ಕಡೆ ಮುಖ ಮಾಡುತ್ತವೆ. ಅದು ಮುಗಿದೊಡನೆ ಮತ್ತೆ ಹೆಜ್ಜೆ. ಆ ಹೊತ್ತಿನಲ್ಲಿ ಕುಣಿಯುತ್ತಲೇ ಇದ್ದರೆ ಇಡೀ ಪ್ಲಾಸಾದಲ್ಲಿ ನೀವೊಬ್ಬರೇ ಕುಣಿಯುತ್ತಿರುತ್ತೀರಿ. ತಾಳ ಕೇಳಿ ಬೆಳೆದ ಕಿವಿಗೆ ಎರಡು ಹಾಡಿನಲ್ಲಿ ಇದು ಹಿಡಿತಕ್ಕೆ ಸಿಗುತ್ತದೆ. ಮೊದಲ ಸಲ ಕೂತು ಬರೀ ಪಲ್ಲವಿ ಎಣಿಸಿ.

ಮಾತಿನ ಮರ್ಯಾದೆ ಇಲ್ಲಿ ದುಡ್ಡಿಗಿಂತ ಹೆಚ್ಚು ಓಡುತ್ತದೆ. ಅಂಗಡಿ, ಲಿಫ್ಟು, ಡಾಕ್ಟರ ಕಾಯುವ ಕೋಣೆ, ಎಲ್ಲಿಗೆ ಕಾಲಿಟ್ಟರೂ ಮೊದಲು ನಮಸ್ಕಾರ: ಮಧ್ಯಾಹ್ನದ ಮೇಲೆ 'ಬ್ವೆನಾಸ್ ತಾರ್ದೆಸ್', ಕತ್ತಲಾದ ಮೇಲೆ 'ಬ್ವೆನಾಸ್ ನೋಚೆಸ್'. ನಮ್ಮೂರ ಕಿರಾಣಿ ಅಂಗಡಿಯಲ್ಲಿ 'ಅರ್ಧ ಕೆಜಿ ಸಕ್ಕರೆ ಕೊಡಿ' ಎಂದು ನೇರ ಶುರುಮಾಡುವ ಅಭ್ಯಾಸ ಇಲ್ಲಿ ಒರಟಾಗಿ ಕೇಳುತ್ತದೆ. ಊಟ ಮಾಡುತ್ತಿರುವವರ ಪಕ್ಕ ಹಾದು ಹೋಗುವಾಗ 'ಪ್ರೊವೆಚೊ', ಅಂದರೆ ಊಟ ಚೆನ್ನಾಗಿ ಆಗಲಿ, ಅನ್ನಬೇಕು, ಗುರುತಿಲ್ಲದವರಾದರೂ ಸರಿ. ಯಾರಾದರೂ ತಿನ್ನುತ್ತ '¿ಗುಸ್ತಾ?' ಎಂದರೆ ತಟ್ಟೆಗೆ ಕೈ ಹಾಕಬೇಡಿ. ಅದು ನಮ್ಮ 'ಬನ್ನಿ, ಊಟ ಮಾಡೋಣ' ಇದ್ದ ಹಾಗೆ. 'ಗ್ರಾಸಿಯಾಸ್, ಪ್ರೊವೆಚೊ' ಎಂಬುದೇ ಉತ್ತರ. ಹಿರಿಯರಿಗೆ 'ಉಸ್ತೆದ್', ಅಂದರೆ ನೀವು. ಓರಗೆಯವರಿಗೆ 'ತೂ', ನೀನು. ಇಂಗ್ಲಿಷಿನಿಂದ ಸ್ಪ್ಯಾನಿಷ್ ಕಲಿಯುವ ಆ್ಯಪುಗಳು 'ತೂ' ಮೊದಲು ಕಲಿಸುತ್ತವೆ. ಅದನ್ನೇ ನಂಬಿ ಎಂಬತ್ತರ ಅಜ್ಜನಿಗೆ ಏಕವಚನ ಪ್ರಯೋಗಿಸುವುದು ಕನ್ನಡದವರಿಗಂತೂ ಒಪ್ಪುವ ಕೆಲಸವಲ್ಲ.

ಭೇಟಿಯಾದಾಗ ಹೆಂಗಸರು ಬಲಗೆನ್ನೆಗೆ ಕೆನ್ನೆ ತಾಗಿಸಿ ಒಂದು ಮುತ್ತಿನ ಸದ್ದು ಮಾಡುತ್ತಾರೆ, ಹೆಂಗಸು ಗಂಡಸರ ನಡುವೆಯೂ ಅದೇ; ಗಂಡಸರು ಗಂಡಸರು ಕೈ ಕುಲುಕಿ ಬೆನ್ನು ತಟ್ಟುತ್ತಾರೆ. ಬೇಡವೆನಿಸಿದರೆ ಮೊದಲೇ ಕೈ ಚಾಚಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕೊನೇ ಗಳಿಗೆಯಲ್ಲಿ ಹಿಂದೆ ಸರಿದರೆ ಮಾತ್ರ ಇಬ್ಬರಿಗೂ ಪೇಚು.

ಊಟದ ವಿಷಯಕ್ಕೆ ಬಂದರೆ, ಸಸ್ಯಾಹಾರಿಗಳು ಮೊದಲ ತಿಂಗಳು ಮೋಸ ಹೋಗುವುದು ಒಂದು ಪದದಿಂದ. 'ಸಿನ್ ಕಾರ್ನೆ', ಮಾಂಸವಿಲ್ಲದೆ, ಎಂದರೆ ಅವರ ಲೆಕ್ಕದಲ್ಲಿ ಹೆಚ್ಚಾಗಿ ದನದ ಮಾಂಸ ಬೇಡ ಎಂದಷ್ಟೇ. ಕೋಳಿ, ಮೀನು, ಸೀಗಡಿ, ಹಮೋನ್ ಎಂಬ ಹಂದಿಯ ತೆಳು ಹಾಳೆ ಎಲ್ಲ ತಟ್ಟೆಗೆ ಬರಬಹುದು. ಪೂರ್ತಿ ಹೇಳಿ: 'ನೋ ಕೋಮೊ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ, ನಿ ಹಮೋನ್.' ಕಣ್ಣಿಗೆ ಕಾಣದ್ದು ಇನ್ನೂ ಕಷ್ಟ. ರುಬ್ಬಿದ ಹುರುಳಿಕಾಯಿ ಬೀಜದ ಫ್ರಿಹೋಲೆಸ್‌ಗೆ ಹಂದಿಯ ಕೊಬ್ಬು ಹಾಕುವುದು ರೂಢಿ, ಕೆಂಪು ಅನ್ನ ಕೋಳಿ ಸಾರಿನಲ್ಲಿ ಬೆಂದಿರುತ್ತದೆ, ಕಡುಬಿನಂಥ ತಮಾಲೆಯ ಹಿಟ್ಟಿಗೂ ಕೊಬ್ಬೇ. '¿ತಿಯೆನೆ ಮಾಂತೆಕಾ?', ಹಂದಿ ಕೊಬ್ಬಿದೆಯೇ, ಎಂದು ಕೇಳಿ. ಮೆಕ್ಕೆಜೋಳದ ರೊಟ್ಟಿ ತೊರ್ತಿಯಾ ನಿಶ್ಚಿಂತೆ: ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬಿದ ಹಿಟ್ಟು, ಅಷ್ಟೇ. ಮೈದಾ ತೊರ್ತಿಯಾದಲ್ಲಿ ಹಲವು ಸಲ ಕೊಬ್ಬಿರುತ್ತದೆ. ಕುಂಬಳ ಹೂವು, ಚೀಸ್ ಇಟ್ಟು ಮಡಚಿದ ತೊರ್ತಿಯಾ ಕೆಸದೀಯಾ, ಸುಟ್ಟ ಮೆಣಸಿನಕಾಯಿಯ ಸೀಳುಗಳನ್ನು ಕೆನೆಯಲ್ಲಿ ಬೇಯಿಸಿದ ರಾಹಾಸ್, ಪಾಪಾಸುಕಳ್ಳಿಯ ಎಳೆ ಹಾಳೆಯ ಪಲ್ಯ ನೊಪಾಲೆಸ್, ಇವು ಸಿಕ್ಕರೆ ಹೊಟ್ಟೆ ತುಂಬುತ್ತದೆ. ಮಾಂಸಕ್ಕೂ ತರಕಾರಿಗೂ ಕಾವಲಿ ಒಂದೇ ಎನ್ನುವುದನ್ನು ಮಾತ್ರ ಬೀದಿ ಗಾಡಿಯಲ್ಲಿ ಬದಲಿಸಲಾಗದು. ನಿಮ್ಮ ಗೆರೆ ಎಲ್ಲಿ ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಡಿ. ಇನ್ನೊಂದು, 'ನಾವು ಬ್ಯಾಡಗಿ ತಿಂದವರು' ಎಂಬ ಧೈರ್ಯ ಬೇಡ. ಬ್ಯಾಡಗಿ ಬಣ್ಣಕ್ಕೆ ಹೆಸರಾದದ್ದು. ಉರಿಖಾರದ ಹಬನೇರೊ ಮೆಣಸಿನ ಚಟ್ನಿ ಸಾಲ್ಸಾ ಬೇರೆಯೇ ಜಾತಿ.

ಮಲೆಕೋನಿನಲ್ಲಿ ಬಿಳಿಯಂಗಿ ತೊಟ್ಟು ದೊಡ್ಡ ಸೋರೆಬುರುಡೆ ಹೊತ್ತವರು ಕಂಡರೆ ನಿಲ್ಲಿಸಿ. ಅದರಲ್ಲಿರುವುದು ತೂಬಾ, ಅಂದರೆ ತೆಂಗಿನ ಹೊಂಬಾಳೆಯಿಂದ ಇಳಿಸಿದ ನೀರಾ! ಸೇಬಿನ ಚೂರು, ಕಡಲೆಬೀಜ ಹಾಕಿ ಲೋಟದಲ್ಲಿ ಕೊಡುತ್ತಾರೆ. ಮನಿಲಾದಿಂದ ಹಡಗಿನಲ್ಲಿ ಬಂದ ಫಿಲಿಪೈನ್ಸಿನವರು ಈ ಕರಾವಳಿಗೆ ಕಲಿಸಿದ ಕಸುಬು ಇದು, ಹೆಸರೂ ಅವರದೇ. ಹೊತ್ತೇರಿದಷ್ಟೂ ಹುಳಿಯಾಗುತ್ತದೆ, ಮಧ್ಯಾಹ್ನದೊಳಗೆ ಕುಡಿಯಿರಿ. ಇನ್ನೊಂದು ತೆಹ್ವೀನೊ: ಮೆಕ್ಕೆಜೋಳದ ಹಿಟ್ಟಿಗೆ ಪಿಲೊನ್ಸೀಯೊ ಎಂಬ ಅಚ್ಚು ಬೆಲ್ಲ ಹಾಕಿ ಕುದಿಸಿ, ತುಸು ಹುದುಗು ಬರಿಸಿ, ಉಪ್ಪು, ನಿಂಬೆರಸ, ಮೇಲೊಂದು ಉಂಡೆ ನಿಂಬೆ ಐಸು. ಅಂಬಲಿ ಕುಡಿದವರಿಗೆ ಮೊದಲ ಗುಟುಕಿಗೇ ಒಗ್ಗುತ್ತದೆ, ಉಳಿದವರಿಗೆ ಮೂರನೆಯದಕ್ಕೆ.

ಜೇಬಿನಲ್ಲಿ 5, 10 ಪೆಸೊ ನಾಣ್ಯ ಸದಾ ಇರಲಿ. 500ರ ನೋಟು ಹಿಡಿದು ಗಾಡಿಯ ಮುಂದೆ ನಿಂತರೆ ಚಿಲ್ಲರೆಗಾಗಿ ಬೀದಿಯಿಡೀ ಅಲೆದಾಟ. ಕೆಲವು ಸೂಪರ್‌ಮಾರ್ಕೆಟುಗಳಲ್ಲಿ ಚೀಲ ತುಂಬಿಕೊಡುವ ಹಿರಿಯರಿಗೆ ಸಂಬಳವಿಲ್ಲ, ನಾಣ್ಯವೇ ಸಂಪಾದನೆ. ಹೋಟೆಲಿನಲ್ಲಿ ನೀವಾಗಿ 'ಲಾ ಕ್ವೆಂತಾ, ಪೊರ್ ಫಾವೋರ್' ಅನ್ನುವವರೆಗೆ ಬಿಲ್ಲು ತರುವುದಿಲ್ಲ, ತಂದರೆ ಎಬ್ಬಿಸಿ ಕಳಿಸಿದಂತೆ. ಟಿಪ್ಪು ಶೇ 10ರಿಂದ 15. ಬಿಲ್ಲಿನಲ್ಲಿ 'ಪ್ರೊಪೀನಾ' ಮೊದಲೇ ಸೇರಿದೆಯೇ ಎಂದು ನೋಡಿ ಕೊಡಿ. ಹಾಡುಗಾರರ ತಂಡ ಮರಿಯಾಚಿಗಳು ಮೇಜಿನ ಬಳಿ ಬಂದರೆ ಹಾಡಿಗಿಷ್ಟು ಎಂಬ ಲೆಕ್ಕ. ತಲೆದೂಗಿ ಮೂರು ಹಾಡು ಕೇಳಿದ ಮೇಲೆ ರೇಟು ಕೇಳಿ ಕಣ್ಣುಕಣ್ಣು ಬಿಡುವುದು ನಮ್ಮ ಕಡೆಯವರ ಹಳೇ ಕಾಯಿಲೆ. '¿ಕ್ವಾಂತೊ ಪೊರ್ ಕನ್ಸಿಯೋನ್?' ಮೊದಲು, ಹಾಡು ಆಮೇಲೆ. ಇಲ್ಲಿನ ಮೂಲನಿವಾಸಿಗಳಾದ ವಿಷಾರಿಕಾ ಜನರ ಮಣಿ ಕೆಲಸದ ಮುಂದೆ ಕೆ.ಆರ್. ಮಾರ್ಕೆಟ್ ಚೌಕಾಸಿ ತೆಗೆಯಬೇಡಿ. ಒಂದೊಂದೇ ಮಣಿಯನ್ನು ಮೇಣದ ಮೇಲೆ ಒತ್ತಿ ಕೂರಿಸಿದ್ದು ಅದು. ಹತ್ತಿರದಿಂದ ನೋಡಿದರೆ ಅರ್ಧ ಬೆಲೆ ಕೇಳಲು ಬಾಯಿ ಬರುವುದಿಲ್ಲ.

ಕಡಲತೀರ ಕಾನೂನಿನ ಪ್ರಕಾರ ಎಲ್ಲರದು, ಯಾವ ಹೋಟೆಲಿನ ಮುಂದಾದರೂ ಮರಳಲ್ಲಿ ಕೂರಬಹುದು. ಅವರ ಕುರ್ಚಿಗೆ ಮಾತ್ರ ಕನಿಷ್ಠ ಇಷ್ಟು ತಿನ್ನಬೇಕೆಂಬ ಲೆಕ್ಕವಿದೆ, ಕೇಳಿ ಕೂರಿ. ಕೆಂಪು, ಕಪ್ಪು ಬಾವುಟಕ್ಕೆ ನೀರಿಗಿಳಿಯಬೇಡಿ. ಮಳೆಗಾಲದಲ್ಲಿ ಅಳಿವೆಗಳ ಹತ್ತಿರ ಮೊಸಳೆ ಬರುತ್ತದೆ, ಬೋರ್ಡು ತಮಾಷೆಗೆ ಹಾಕಿದ್ದಲ್ಲ. ತಿಮಿಂಗಿಲ ನೋಡುವ ಕಾಲ ಡಿಸೆಂಬರ್ 8ರಿಂದ ಮಾರ್ಚ್ 23; ಪರವಾನಗಿಯ ದೋಣಿಯಲ್ಲೇ ಹೋಗಿ.

ಕೊನೆಗೂ ಯಾರೋ ಮನೆಗೆ ಕರೆದರು ಎನ್ನಿ. ಎಂಟಕ್ಕೆ ಎಂದರೆ ಎಂಟೂಮುಕ್ಕಾಲು. ಸರಿಯಾಗಿ ಎಂಟಕ್ಕೆ ಬೆಲ್ ಒತ್ತಿದರೆ ಮನೆಯಾಕೆ ಒದ್ದೆ ತಲೆಯಲ್ಲಿ ಬಾಗಿಲು ತೆರೆಯುತ್ತಾರೆ. ಒಂದು ಚೀಲ ಐಸು, ಎರಡು ದೊಡ್ಡ ಬಾಟಲಿ ಕೂಲ್‌ಡ್ರಿಂಕ್ಸ್ ಒಯ್ದರೆ ಯಾವ ಉಡುಗೊರೆಗಿಂತಲೂ ಹೆಚ್ಚು ಬೆಲೆ. ಬಂದಾಗ ಎಲ್ಲರಿಗೂ ಒಬ್ಬೊಬ್ಬರಾಗಿ ನಮಸ್ಕಾರ, ಹೊರಡುವಾಗಲೂ ಒಬ್ಬೊಬ್ಬರಿಗೂ ವಿದಾಯ. ಹೊರಡಬೇಕಾದ ಹೊತ್ತಿಗೆ ಅರ್ಧ ಗಂಟೆ ಮೊದಲೇ ಏಳಿ. ಪಕ್ಕದ ಮನೆಯ ಬ್ಯಾಂಡು ರಾತ್ರಿ ಮೂರಾದರೂ ನಿಲ್ಲದಿದ್ದರೆ ದೂರು ಕೊಡಬೇಡಿ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ಸಹಿಸಿದ ಕಿವಿ ನಮ್ಮದು. ಹೋಗಿ ಒಂದು ತಟ್ಟೆ ಇಸಿದುಕೊಂಡರೆ ಮುಂದಿನ ಸಲ ಕರೆಯೇ ಬರುತ್ತದೆ.

ಭಾಷೆ ಬರದವರಿಗೆ ಅಂಥ ಮನೆಗಳಲ್ಲಿ ಅತ್ಯುತ್ತಮ ಆಸರೆ ಲೊತೆರೀಯಾ. ನಮ್ಮ ತಂಬೋಲಾದ ಬಳಗ, ಅಂಕಿಯ ಬದಲು ಚಿತ್ರ. ಒಟ್ಟು 54 ಎಲೆ, ನಿಮ್ಮ ಹಲಗೆಯಲ್ಲಿ ನಾಲ್ಕು ನಾಲ್ಕರಂತೆ 16 ಚಿತ್ರ, ಗುರುತಿಡಲು ಬೀಜ. ಕೂಗುವವರು 'ಎಲ್ ಗಾಯೊ' ಎಂದರೆ ಹುಂಜ, 'ಲಾ ಲೂನಾ' ಎಂದರೆ ಚಂದ್ರ. ಬರೀ ಹೆಸರು ಹೇಳದೆ ಒಗಟಿನ ಹಾಗೆ ಎಳೆಯುತ್ತಾರೆ, ಅಲ್ಲೇ ನಾವು ಸೋಲುವುದು. ಹತ್ತು ಆಟಕ್ಕೆ ಐವತ್ತು ಪದ ಬಾಯಿಗೆ ಬಂದಿರುತ್ತದೆ, ಆ್ಯಪಿನಲ್ಲಿ ಎರಡು ತಿಂಗಳು ಕೂತರೂ ಬಾರದಷ್ಟು.

ಮಕ್ಕಳಿಗೆ ಇದ್ಯಾವುದೂ ಬೇಕಾಗಿಲ್ಲ. ರಾತ್ರಿ ಹತ್ತೂವರೆಗೆ ಪ್ಲಾಸಾದಲ್ಲಿ ಓಡುವ ಮಕ್ಕಳ ಗುಂಪಿಗೆ ಎರಡೇ ವಾರದಲ್ಲಿ ಸೇರಿಕೊಳ್ಳುತ್ತಾರೆ. 'ಒಂಬತ್ತಕ್ಕೆ ಮಲಗಬೇಕು' ಎಂಬ ನಿಯಮ ವಾರಾಂತ್ಯಕ್ಕೆ ಸಡಿಲಿಸಿ, ಜಾತ್ರೆಯಲ್ಲಿ ನಮ್ಮನ್ನು ಯಾರು ಒಂಬತ್ತಕ್ಕೆ ಮಲಗಿಸಿದ್ದರು? ಡಿಸೆಂಬರ್ 1ರಿಂದ 12ರವರೆಗೆ ಗ್ವಾದಲೂಪೆ ದೇವಿಗೆ ದಿನಾ ಸಂಜೆ ಮೆರವಣಿಗೆ, ಗರಿಯ ಕಿರೀಟ ತೊಟ್ಟ ಕುಣಿತದವರು, ಬೀದಿ ತುಂಬ ತಿಂಡಿ. 16ರಿಂದ 24 ಕ್ರಿಸ್‌ಮಸ್ ಮುಂಚಿನ ಸಂಜೆಕೂಟ ಪೊಸಾದಾ, ಸಿಹಿ ತುಂಬಿ ತೂಗುಹಾಕಿದ ಪಿಞಾತಾ ಬೊಂಬೆ ಒಡೆಯುವುದು. ನವೆಂಬರ್ 2ಕ್ಕೆ ಚೆಂಡು ಹೂವಿನ ರಾಶಿಯ ನಡುವೆ ತೀರಿಕೊಂಡವರ ಫೋಟೊ ಇಟ್ಟು ಅವರಿಗೆ ಪ್ರಿಯವಾದದ್ದನ್ನು ಬಡಿಸುತ್ತಾರೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟ ಮನೆಯಿಂದ ಬಂದವರಿಗೆ ಇದರ ಅರ್ಥ ಹೇಳಬೇಕಿಲ್ಲ, ಮಕ್ಕಳಿಗೆ ಹೇಳಬೇಕು. ಅವರಿಗೆ ಈ ಹಬ್ಬ ಸ್ಕೂಲಿನಲ್ಲಿ ಮೊದಲು ಸಿಗುತ್ತದೆ, ಎಡೆಯ ಮಾತು ಆಮೇಲೆ ಬರುತ್ತದೆ ಅಥವಾ ಬರುವುದೇ ಇಲ್ಲ. ಅಜ್ಜಿಯ ಜೊತೆ ವಿಡಿಯೊ ಕರೆಯಲ್ಲಿ ಮಗು ಕನ್ನಡದ ವಾಕ್ಯವನ್ನು ಸ್ಪ್ಯಾನಿಷಿನಲ್ಲಿ ಮುಗಿಸುವ ದಿನ ಬೇಗ ಬರುತ್ತದೆ. ಅಜ್ಜಿ 'ಏನಂತೆ?' ಎಂದು ನಿಮ್ಮ ಮುಖ ನೋಡುತ್ತಾರೆ. ಅದನ್ನು ತಪ್ಪಿಸುವ ಉಪಾಯ ಇದುವರೆಗೆ ನಮ್ಮಲ್ಲಿ ಯಾರಿಗೂ ಸಿಕ್ಕಿಲ್ಲ. ಸಿಕ್ಕಿದ್ದು ಒಂದೇ, ನಮ್ಮ ಹಬ್ಬವನ್ನೂ ಬಾಗಿಲು ತೆರೆದಿಟ್ಟು ಮಾಡುವುದು.

ಯುಗಾದಿ ಅದಕ್ಕೆ ಸುಲಭದ್ದು. ಬೆಲ್ಲಕ್ಕೆ ಪಿಲೊನ್ಸೀಯೊ ಇದೆ, ಕಲ್ಲಿನಂತೆ ಗಟ್ಟಿ, ತುರಿಯಬೇಕು. ಮಾವಿನೆಲೆ ಕೇಳುವುದೇ ಬೇಡ. ಬೇವನ್ನೂ ಇಲ್ಲಿನ ಸೆಖೆಗೆ ನೆರಳಿಗೆಂದು ನೆಟ್ಟಿದ್ದಾರೆ, 'ನಿಮ್' ಎನ್ನುತ್ತಾರೆ. ಹೂವು ಸಿಗದಿದ್ದರೆ ಚಿಗುರು ಸಾಕು. ಯಾರ ಮನೆಯ ಮುಂದಿನ ಮರವೋ ಅವರನ್ನು ಕೇಳಿ ಕೊಯ್ಯಿರಿ. 'ಸಕ್ಕರೆ ಕಾಯಿಲೆಗಾ?' ಎಂದು ವಿಚಾರಿಸುತ್ತಾರೆ, ಇಲ್ಲಿ ಅದರ ಕಷಾಯ ಅದಕ್ಕೇ. 'ಇಲ್ಲ, ಹೊಸ ವರ್ಷಕ್ಕೆ' ಎಂದರೆ ನಂಬುವುದಿಲ್ಲ. ಏಪ್ರಿಲ್ ಹತ್ತಿರ ಬಂದಾಗ ಇನ್ನೆಂಥ ಹೊಸ ವರ್ಷ ಎಂದು ನಗುತ್ತಾರೆ. ಸಂಜೆ ಒಂದು ಬಟ್ಟಲು ಬೇವು ಬೆಲ್ಲ ಒಯ್ದು ಕೊಡಿ, ಒಂದೇ ಚಮಚ ಎಂದು ಮೊದಲೇ ಹೇಳಿ.