ಪೂಜೆಯಲ್ಲಿ ಬಿಷಪರ ಹೆಸರು ಕೇಳದ ಕ್ರಿಸ್‌ಮಸ್

ಹಾಸನದ ಹತ್ತಿರ ನಮ್ಮದೊಂದು ಸಣ್ಣ ಧರ್ಮಕೇಂದ್ರ. ಅದರ ಸ್ಮರಣ ಸಂಚಿಕೆ ತರುವ ಮಾತು ಬಂದಾಗ ಚರಿತ್ರೆಯ ಭಾಗ ನನ್ನ ಪಾಲಿಗೆ ಬಂತು. "ಟೀಚರ್, ಚಿಕ್ಕಮಗಳೂರು ಧರ್ಮಪ್ರಾಂತ್ಯ ಶುರುವಾದಾಗಿನಿಂದ ಬಿಷಪರ ಹೆಸರು, ಇಸವಿ ಬರೆದುಕೊಡಿ. ಎರಡು ಪುಟ ಸಾಕು" ಅಂದರು ಫಾದರ್. ಧರ್ಮಪ್ರಾಂತ್ಯ ಅಂದರೆ ಒಬ್ಬ ಕ್ಯಾಥೋಲಿಕ್ ಬಿಷಪರ ಆಡಳಿತಕ್ಕೆ ಸೇರಿದ ಸೀಮೆ. ಮೂರು ಹೆಸರು ತಾನೇ, ಒಂದು ಸಂಜೆ ಕೂತರೆ ಮುಗಿಯುತ್ತೆ ಅಂದುಕೊಂಡೆ. ಎಂಟು ತಿಂಗಳು ಹಿಡಿಯಿತು. ಹೇಗೆ ಮಾಡಿದೆ ಅಂತ ಬರೆದಿಟ್ಟರೆ ಬೇರೆ ಊರಿನವರಿಗೂ ಉಪಯೋಗವಾಗಬಹುದು.

ಪಟ್ಟಿಯನ್ನು ಮೊದಲೇ ಹೇಳಿಬಿಡುತ್ತೇನೆ. 1963ರ ನವೆಂಬರ್ 16ರಂದು ಪೋಪ್ 6ನೇ ಪೌಲ್ ಮೈಸೂರು ಧರ್ಮಪ್ರಾಂತ್ಯದಿಂದ ಚಿಕ್ಕಮಗಳೂರನ್ನು ಬೇರೆ ಮಾಡಿದರು. ಮೊದಲ ಬಿಷಪ್ ಅಲ್ಫೋನ್ಸಸ್ ಮಥಾಯಸ್. ಆಗ ಅವರಿಗೆ ವಯಸ್ಸು ಬರೀ 35. 1986ರ ಸೆಪ್ಟೆಂಬರ್‌ನಲ್ಲಿ ಅವರನ್ನು ಬೆಂಗಳೂರಿನ ಆರ್ಚ್‌ಬಿಷಪ್ ಅಂತ ನೇಮಿಸಿದರು. 1987ರಲ್ಲಿ ಜಾನ್ ಬ್ಯಾಪ್ಟಿಸ್ಟ್ ಸಿಕ್ವೇರಾ ಬಂದರು. 2006ರ ಡಿಸೆಂಬರ್‌ನಲ್ಲಿ ಟಿ. ಅಂತೋಣಿ ಸ್ವಾಮಿಯವರ ನೇಮಕವಾಯಿತು.

ಮೊದಲ ಸಾಲಿಗೇ ತಕರಾರು ಬಂತು. ಒಂದು ಹಳೇ ಪುಸ್ತಿಕೆಯಲ್ಲಿ ಮಥಾಯಸ್ ಅವರು ಬಿಷಪ್ ಆದದ್ದು 1963 ಅಂತಿತ್ತು, ಇನ್ನೊಂದರಲ್ಲಿ 1964. ಯಾವುದೋ ಒಂದು ತಪ್ಪಿರಬೇಕು ಅಂತ ಒಂದು ವಾರ ತಲೆ ಕೆಡಿಸಿಕೊಂಡೆ. ಎರಡೂ ಸರಿ. ನೇಮಕದ ಸುದ್ದಿ ಹೊರಬಿದ್ದದ್ದು 1963ರ ನವೆಂಬರ್‌ನಲ್ಲಿ. ಅವರಿಗೆ ಬಿಷಪ್ ದೀಕ್ಷೆ ಆದದ್ದು 1964ರ ಫೆಬ್ರವರಿಯಲ್ಲಿ. ಒಬ್ಬ ಬಿಷಪರಿಗೆ ಹೀಗೆ ಮೂರು ದಿನಗಳಿರುತ್ತವೆ: ಪೋಪರು ನೇಮಿಸಿದ ದಿನ, ದೀಕ್ಷೆಯ ದಿನ, ಪೀಠ ವಹಿಸಿಕೊಂಡ ದಿನ. ಕೊನೆಯ ಎರಡು ಎಷ್ಟೋ ಸಲ ಒಂದೇ ದಿನ ಆಗುತ್ತವೆ. ಅದಕ್ಕೇ ಗೊಂದಲ ಇನ್ನೂ ಜಾಸ್ತಿ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದೆ. ಯಾವ ತಾರೀಖು ಸಿಕ್ಕಿದರೂ ಇದು ಯಾವ ದಿನದ್ದು ಅಂತ ಕೇಳಿಕೊಂಡೇ ಬರೆದೆ. ಈ ಕೆಲಸ ಶುರು ಮಾಡುವವರು ಮೊದಲ ದಿನವೇ ಈ ಮೂರು ಗೆರೆ ಎಳೆದುಕೊಳ್ಳಿ.

ಆಮೇಲೆ ಜ್ಞಾನಸ್ನಾನದ ರಿಜಿಸ್ಟರ್. ಅದನ್ನು ಹೊರಗೆ ಒಯ್ಯುವ ಹಾಗಿಲ್ಲ, ಒಯ್ಯಲೂಬಾರದು. ಫಾದರ್ ಮನೆಯ ಮೇಜಿನ ಮೇಲೆ ಹತ್ತಿ ಬಟ್ಟೆ ಹಾಸಿ, ಅಲ್ಲೇ ಕೂತು ಓದಿದೆ. ಹಾಳೆಯ ಅಂಚು ಮುಟ್ಟಿದರೆ ಪುಡಿಯಾಗುತ್ತಿತ್ತು. ಪೋಸ್ಟ್‌ಕಾರ್ಡನ್ನು ಮೆಲ್ಲಗೆ ಕೆಳಗೆ ತೂರಿಸಿ ಪುಟ ತಿರುವಿದೆ. ಹಳೇ ಪುಟಗಳೆಲ್ಲ ಲ್ಯಾಟಿನ್‌ನಲ್ಲಿ, ಫ್ರೆಂಚ್ ಪಾದ್ರಿಗಳ ಬಾಗಿದ ಕೈಬರಹದಲ್ಲಿ. ನನಗೆ ಲ್ಯಾಟಿನ್ ಬರುವುದಿಲ್ಲ. ಆದರೆ ಎಲ್ಲ ಕಡೆ ಅದೇ ಹತ್ತು ಹನ್ನೆರಡು ಪದ. ಹುಟ್ಟಿದ ದಿನ, ತಂದೆ, ತಾಯಿ, ಜ್ಞಾನದ ತಂದೆತಾಯಿ, ಕೆಳಗೆ ಪಾದ್ರಿಯ ಸಹಿ. ನಾಲ್ಕು ದಿನದಲ್ಲಿ ಕಣ್ಣು ಪಳಗಿತು.

ಒಂದು ಕಡೆ ಮಾತ್ರ ದೊಡ್ಡ ತಪ್ಪು ಮಾಡಿದ್ದೆ. ತಿಂಗಳ ಜಾಗದಲ್ಲಿ 7 ಅಂತ ಅಂಕಿ, ಅದಕ್ಕೆ ಅಂಟಿದ ಹಾಗೆ 'ಬ್ರಿಸ್' ಅಂತ ನಾಲ್ಕು ಅಕ್ಷರ. 7 ಅಂದರೆ ಜುಲೈ ಅಂತ ಹಿಡಿದು ನಲವತ್ತು ಹೆಸರು ಬರೆದುಕೊಂಡಿದ್ದೆ. ಆಮೇಲೆ ಒಂದು ಮಗುವಿನ ಸಾಲು ಬಂತು. ಹುಟ್ಟಿದ್ದು ಆಗಸ್ಟ್ 30, ಜ್ಞಾನಸ್ನಾನ ನನ್ನ ಲೆಕ್ಕದಲ್ಲಿ ಜುಲೈ 2. ಹುಟ್ಟುವ ಮೊದಲೇ ಜ್ಞಾನಸ್ನಾನ ಆಗುತ್ತಾ? ಪೆನ್ನು ಕೆಳಗಿಟ್ಟೆ. ಲ್ಯಾಟಿನ್‌ನಲ್ಲಿ ಸೆಪ್ಟೆಮ್ ಅಂದರೆ ಏಳು. ಆ ಪಾದ್ರಿ ಬರೆದದ್ದು ಸೆಪ್ಟೆಂಬ್ರಿಸ್, ಅಂದರೆ ಸೆಪ್ಟೆಂಬರ್. ಹಾಗೇ 8 ಅಂದರೆ ಅಕ್ಟೋಬರ್, 9 ಅಂದರೆ ನವೆಂಬರ್, ರೋಮನ್ ಹತ್ತು ಅಂದರೆ ಡಿಸೆಂಬರ್. ನಲವತ್ತನ್ನೂ ಹೊಡೆದು ಮತ್ತೆ ಬರೆದೆ. ಹಳೇ ರಿಜಿಸ್ಟರ್ ಹಿಡಿಯುವ ಎಲ್ಲರೂ ಇದನ್ನು ನೆನಪಿಡಿ.

ಈ ಪುಟಗಳು 1963ಕ್ಕಿಂತ ತುಂಬಾ ಹಿಂದಿನವು. ಹಾಗಾದರೆ ಆಗ ನಮ್ಮ ಬಿಷಪ್ ಯಾರು? ಎರಡು ಪುಟದ ಕೆಲಸ ಬೆಳೆದದ್ದು ಇಲ್ಲಿಂದ. ನಮ್ಮೂರು ಇದ್ದಲ್ಲೇ ಇದೆ, ಗಡಿ ಮಾತ್ರ ಸರಿಯುತ್ತಾ ಬಂದಿದೆ. ನಮ್ಮ ಹಾಸನ ಸೀಮೆಯನ್ನು ನೋಡಿಕೊಳ್ಳುತ್ತಿದ್ದವರು ಪ್ಯಾರಿಸ್ ಮಿಷನ್ ಅನ್ನುವ ಫ್ರೆಂಚ್ ಮಿಷನರಿ ಸಂಘದ ಪಾದ್ರಿಗಳು. 1850ರಲ್ಲಿ ಮೈಸೂರು ಒಂದು ಪ್ರತ್ಯೇಕ ವಿಕಾರಿಯೇಟ್ ಆಯಿತು. ಅಂದರೆ ಅದು ಮಿಷನ್ ಸೀಮೆ, ಪೂರ್ತಿ ಧರ್ಮಪ್ರಾಂತ್ಯ ಇನ್ನೂ ಅಲ್ಲ. ಅಲ್ಲಿನ ಬಿಷಪ್ ಪೋಪರ ಪ್ರತಿನಿಧಿಯಾಗಿ ಆಡಳಿತ ನಡೆಸುತ್ತಿದ್ದರು. ಬಿಷಪ್ ಶಾರ್ಬೊನೊ 1873ರವರೆಗೆ ಆ ಜಾಗದಲ್ಲಿದ್ದರು. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯ ಇದೆಯಲ್ಲ, ಅದು ಎದ್ದದ್ದು ಅವರ ಕಾಲದಲ್ಲಿ, 1860ರ ಸುಮಾರಿಗೆ. ಮೇಲ್ಛಾವಣಿ ಇಲ್ಲದ ಆ ಗೋಡೆಗಳ ಮಧ್ಯೆ ಏಪ್ರಿಲ್ ಬಿಸಿಲಿನಲ್ಲಿ ನಿಂತಾಗ, ನನ್ನ ನೋಟ್‌ಬುಕ್ಕಿನ ಒಂದು ಸಾಲು ಕಣ್ಣೆದುರು ನಿಂತ ಹಾಗಾಯಿತು.

ಮೈಸೂರು ಪೂರ್ತಿ ಧರ್ಮಪ್ರಾಂತ್ಯ ಆದದ್ದು 1886ರಲ್ಲಿ. ಆದರೆ ಮೈಸೂರಿನ ಬಿಷಪ್ ಇರುತ್ತಿದ್ದದ್ದು ಬೆಂಗಳೂರಿನಲ್ಲಿ! ಇದು ಗೊತ್ತಿಲ್ಲದೆ ಹಳೇ ಕಾಗದಗಳಲ್ಲಿ ಬೆಂಗಳೂರು ಅಂತ ಕಂಡ ಕಡೆಯೆಲ್ಲ ಪ್ರಶ್ನೆ ಚಿಹ್ನೆ ಹಾಕಿದ್ದೆ. 1940ರಲ್ಲಿ ಬೆಂಗಳೂರು ಬೇರೆಯಾಯಿತು. ಮೈಸೂರಿನಲ್ಲಿದ್ದ ಬಿಷಪ್ ದೆಪಾತ್ಯೂರ್ ಬೆಂಗಳೂರಿನವರಾದರು, ಮೈಸೂರಿಗೆ ರೆನೆ ಫ್ಯೂಗಾ ಬಂದರು. ನಾವು ಮೈಸೂರಿನಲ್ಲೇ ಉಳಿದೆವು. ಆಮೇಲೆ 1963. ಅಲ್ಲಿಗೂ ನಿಲ್ಲಲಿಲ್ಲ, 1988ರಲ್ಲಿ ಚಿಕ್ಕಮಗಳೂರಿನಿಂದ ಶಿವಮೊಗ್ಗ ಬೇರೆಯಾಯಿತು. ಪುಟದಲ್ಲಿ ಬರೀ ಹೆಸರು ಹಾಕಿದರೆ ಇದ್ಯಾವುದೂ ಓದುವವರಿಗೆ ಕಾಣುವುದಿಲ್ಲ. ಅದಕ್ಕೇ ಹಠ ಹಿಡಿದು ನಾಲ್ಕು ಸಣ್ಣ ನಕ್ಷೆ ಹಾಕಿಸಿದೆ: 1886, 1940, 1963, 1988. ನಾಲ್ಕರಲ್ಲೂ ನಮ್ಮೂರು ಒಂದು ಕೆಂಪು ಚುಕ್ಕೆ.

ಕಾಗದ ಮುಗಿದ ಮೇಲೆ ಹಿರಿಯರ ಹತ್ತಿರ ಹೋದೆ. ಇಲ್ಲೊಂದು ಅನುಭವದ ಮಾತು: ಅವರನ್ನು ಇಸವಿ ಕೇಳಬೇಡಿ. "ನಿಮಗೆ ದೃಢೀಕರಣ ಕೊಟ್ಟ ಬಿಷಪ್ ಯಾರು? ಆಗ ಮಳೆಯಿತ್ತಾ? ಯಾವ ಸೀರೆ ಉಟ್ಟಿದ್ರಿ?" ಅಂತ ಕೇಳಿ. ದೃಢೀಕರಣ ಅಂದರೆ ಜ್ಞಾನಸ್ನಾನ ಆದವರಿಗೆ ಸಾಮಾನ್ಯವಾಗಿ ಬಿಷಪರೇ ಕೊಡುವ ಸಂಸ್ಕಾರ. ಒಬ್ಬ ಅಜ್ಜಿ ಫ್ಯೂಗಾ ಅವರ ಹೆಸರನ್ನು "ಪೂಗಸ್ವಾಮಿಗಳು" ಅಂತಲೇ ಹೇಳಿದರು. ರಿಜಿಸ್ಟರ್ ತೆಗೆದು ನೋಡಿದರೆ ದೃಢೀಕರಣದ ಪುಟದಲ್ಲಿ ಅಜ್ಜಿಯ ಹೆಸರು, ಮೇಲೆ ಫ್ಯೂಗಾ ಅವರ ಹೆಸರು.

ಆದರೆ ಆ ಅಜ್ಜಿ ಕೊಟ್ಟ ಇನ್ನೊಂದು ನೆನಪು ನನಗೆ ಅದಕ್ಕಿಂತ ದೊಡ್ಡದು. ನನ್ನ ಪಟ್ಟಿಯಲ್ಲಿ 1986ಕ್ಕೂ 1987ಕ್ಕೂ ಮಧ್ಯೆ ಒಂದು ಖಾಲಿ ಜಾಗ ಇತ್ತು. ಹಾಗೇ ಒಂದು ಗೆರೆ ಎಳೆದು ಮುಂದೆ ಹೋಗಿದ್ದೆ. ಪೀಠ ಖಾಲಿ ಇದ್ದರೆ ಪೂಜೆಯ ಪ್ರಾರ್ಥನೆಯಲ್ಲಿ ಪೋಪರ ಹೆಸರಾದ ಮೇಲೆ ಬಿಷಪರ ಹೆಸರು ಬರುವುದಿಲ್ಲ. ಇದು ನನಗೂ ಗೊತ್ತಿತ್ತು, ಆದರೆ ಓದಿ ಗೊತ್ತಿದ್ದದ್ದು. ಅಜ್ಜಿ ಹೊಸಿಲ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಾ ಹೇಳಿದರು:

"ಮಥಾಯಸ್ ಸ್ವಾಮಿಗಳು ಬೆಂಗಳೂರಿಗೆ ಹೋದ್ರಲ್ಲ, ಆ ವರ್ಷದ ಕ್ರಿಸ್‌ಮಸ್ ಪೂಜೇಲಿ ಬಿಷಪ್ ಹೆಸರೇ ಹೇಳ್ಲಿಲ್ಲ ಕಣಮ್ಮ. ಇಪ್ಪತ್ತು ವರ್ಷದ ಮೇಲೆ ಅದೇ ಹೆಸರು ಕೇಳಿ ಕೇಳಿ ಅಭ್ಯಾಸ ಆಗಿತ್ತು. ಫಾದರ್ ಮರೆತ್ರೇನೋ ಅಂತ ನಾನೇ ಮನಸ್ಸಲ್ಲಿ ಹೇಳ್ಕೊಂಡೆ."

ಸಂಚಿಕೆಯಲ್ಲಿ ಆ ಗೆರೆಯನ್ನು ತೆಗೆಸಿದೆ. ಆ ಜಾಗದಲ್ಲಿ ಅಜ್ಜಿಯ ಮಾತನ್ನು ಅವರು ಹೇಳಿದ ಹಾಗೇ ಹಾಕಿದ್ದೇವೆ.