ಮಲೆನಾಡಿನ ಮನೆಗೆ ಯಾವ ನೆಟ್? ‘ಅಪ್‌ಗ್ರೇಡ್ ಆಗ್ತಾ ಇದೆ’ ಅಂದರೆ ಏನು ಕೇಳಬೇಕು?

ಪ್ಲಾನ್ ಪಟ್ಟಿ ಹಿಡಿದು ಎಂಬಿಪಿಎಸ್ ಎಣಿಸುವ ಮೊದಲು ಮನೆಯ ಸುತ್ತ ಒಮ್ಮೆ ಓಡಾಡಿ ಬನ್ನಿ. ಹತ್ತಿರದ ಫೈಬರ್ ಡಬ್ಬಿ ಯಾವ ಕಂಬದಲ್ಲಿದೆ, ಅಲ್ಲಿಂದ ಜಗುಲಿಗೆ ಎಷ್ಟು ಮೀಟರ್, ನಡುವೆ ಇರುವುದು ತೋಟವೋ ಹಳ್ಳವೋ ನೋಡಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಒಂಟಿಮನೆಗಳಿಗೆ ಯಾವ ನೆಟ್ ಸರಿ ಅನ್ನುವುದು ಅರ್ಧ ಅಲ್ಲೇ ತೀರ್ಮಾನವಾಗುತ್ತದೆ. ಉಳಿದರ್ಧ, ತಂತಿ ತುಂಡಾದರೆ ಬರುವವರು ಯಾರು ಅನ್ನುವುದು. ಒಂದು ವಿಡಿಯೊ ಕಾಲ್‌ಗೆ ಹೋಗುವ ಬರುವ ಎರಡೂ ಕಡೆ 3-4 ಎಂಬಿಪಿಎಸ್ ಸಾಕು. ಜುಲೈನಲ್ಲಿ ಹತ್ತು ದಿನ ಮಲಗುವ 200ರ ಲೈನಿಗಿಂತ ಎದ್ದು ನಿಂತಿರುವ 30ರ ಲೈನೇ ಮೇಲು.

ಫೈಬರ್ ಬರುವಂತಿದ್ದರೆ ಬೇರೆ ಯೋಚನೆ ಬೇಡ. ಹಳೆಯ ತಾಮ್ರದ ಲೈನಿನ ಜಾಯಿಂಟಿಗೆ ನೀರು ಇಳಿದರೆ ನೆಟ್ ಕುಂಟುತ್ತದೆ, ಸಿಡಿಲು ಬಡಿದರೆ ಮೋಡೆಮ್ ಸುಡುತ್ತದೆ. ಗಾಜಿನ ಎಳೆಗೆ ಇವೆರಡರ ಕಾಟವಿಲ್ಲ. ಆದರೆ ಎಳೆಯುವ ರೀತಿ ಮುಖ್ಯ. ಅಡಿಕೆ ಮರಕ್ಕೆ ಬಿಗಿದು ಕಟ್ಟಲು ಬಿಡಬೇಡಿ. ಗಾಳಿಗೆ ಮರ ತೂಗಿದಂತೆಲ್ಲ ಕಟ್ಟಿದ ಜಾಗದಲ್ಲೇ ಎಳೆ ಮುರಿಯುತ್ತದೆ, ಇಲ್ಲವೇ ಅಡಿಕೆ ಗೊನೆ ಇಳಿಸುವಾಗ ಹರಿಯುತ್ತದೆ. ಬೇಲಿಯ ಅಂಚಿಗೆ ಕಂಬ ನೆಟ್ಟು ತನ್ನಿ. ಕಂಬದಿಂದ ಮನೆಗೆ ಬರುವ ಡ್ರಾಪ್ ವೈರಿನ ಜೊತೆಗಿರುವ ಉಕ್ಕಿನ ತಂತಿಯನ್ನು ಹೊರಗೋಡೆಯ ಕ್ಲಾಂಪಿಗೇ ಕಟ್ಟಿ ನಿಲ್ಲಿಸಿ, ಒಳಗೆ ತರಬೇಡಿ. ಸೂರಿನ ಕೆಳಗೆ ನಾಲ್ಕೈದು ಮೀಟರ್ ಸುರುಳಿ ಉಳಿಸಿದರೆ ಮುಂದೆ ತುಂಡಾದಾಗ ಎಳೆದು ಜೋಡಿಸಬಹುದು.

ಫೈಬರಿನ ಬೆಳಕನ್ನು ನೆಟ್ ಆಗಿಸುವ ಒಎನ್‌ಟಿ ಡಬ್ಬಿ ಕೂರಿಸುವ ದಿನ, ಬರುವ ಬೆಳಕಿನ ಬಲ ಅಳೆಯುವ ಪವರ್ ಮೀಟರಿನ ಅಂಕಿ ಕೇಳಿ, ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆಸಿಕೊಳ್ಳಿ. ಮೈನಸ್ 18ರಿಂದ 23 ಡಿಬಿಎಂ ಒಳಗಿದ್ದರೆ ನಿಶ್ಚಿಂತೆ. ಸಾಮಾನ್ಯ ಒಎನ್‌ಟಿ ಓದಬಲ್ಲದ್ದು ಮೈನಸ್ 27ರವರೆಗೆ. ಮೈನಸ್ 26 ತೋರಿಸಿ ‘ನಡೀತದೆ ಬಿಡಿ’ ಅಂದರೆ ಒಪ್ಪಬೇಡಿ: 3 ಡಿಬಿ ಇಳಿದರೆ ಬೆಳಕು ಅರ್ಧ ಕಳೆದುಹೋದಂತೆ, ಮಡಚಿದ ಒಂದು ವೈರಿಗೇ ಅಷ್ಟು ಹೋಗಬಹುದು. ಆಮೇಲೆ ಬೆಳಕು ಬರುತ್ತಿಲ್ಲ ಅಂತ ಹೇಳುವ ಕೆಂಪು ಲಾಸ್ (LOS) ದೀಪ ನೋಡುತ್ತ ಕೂರಬೇಕು.

ಫೈಬರ್ ಇಲ್ಲದಲ್ಲಿ ಏರ್‌ಫೈಬರ್ (ತಂತಿಯಿಲ್ಲದೆ ಟವರಿನಿಂದ ಬರುವ 5ಜಿ ನೆಟ್) ಅಥವಾ 4ಜಿ ರೂಟರ್. 5ಜಿಯಲ್ಲಿ ವೇಗ ಕೊಡುವ 3.3 ಗಿಗಾಹರ್ಟ್ಸ್ ಅಲೆಗಳಿಗೆ ಒದ್ದೆ ಎಲೆಯೇ ಗೋಡೆ. ಟವರ್ ಕಣ್ಣಿಗೆ ಕಾಣದಿದ್ದರೆ ಹೆಚ್ಚು ಆಸೆ ಬೇಡ. 700 ಮೆಗಾಹರ್ಟ್ಸ್ ಗುಡ್ಡ ಬಳಸಿ ಇನ್ನೂ ದೂರ ಬರುತ್ತದೆ. ಹಣ ಕಟ್ಟುವ ಮುಂಚೆ ಅದೇ ಕಂಪನಿಯ ಸಿಮ್ ಹಾಕಿ, ಮಾಡಿನ ಎತ್ತರದಲ್ಲಿ, ರಾತ್ರಿ 8ರಿಂದ 10ರ ನಡುವೆ, ಸಾಧ್ಯವಾದರೆ ಮಳೆ ಸುರಿಯುವಾಗ ಪರೀಕ್ಷಿಸಿ. ಏಪ್ರಿಲಿನ ಬಿಸಿಲಲ್ಲಿ ಬಂದ ಅಂಕಿ ಆಗಸ್ಟಿಗೆ ಸಲ್ಲುವುದಿಲ್ಲ. ಕರೆಂಟ್ ದೀರ್ಘ ಹೋದರೆ ಟವರಿನ ಬ್ಯಾಟರಿಯೂ ಬರಿದಾಗುತ್ತದೆ. ನಿಮ್ಮ ಮನೆಯ ಯುಪಿಎಸ್ ಅದಕ್ಕೆ ಮದ್ದಲ್ಲ.

ಇನ್ನು ‘ಅಪ್‌ಗ್ರೇಡ್ ಆಗ್ತಾ ಇದೆ, ಮುಂದಿನ ತಿಂಗಳು’ ಅಂತ ನೆಟ್ ಕಂಪನಿಯವರು ಹೇಳುವ ಮಾತು. ಅದರೊಳಗೆ ಬೇರೆಬೇರೆ ಕೆಲಸ ಅಡಗಿರುತ್ತವೆ. ಪ್ಲಾನ್ ಬದಲಾವಣೆ ಕಂಪ್ಯೂಟರಿನಲ್ಲೇ ಮುಗಿಯುವಂಥದ್ದು, ವಾರ ಹಿಡಿದರೆ ಕಾರಣ ಕೇಳಿ. ಒಂದು ಫೈಬರನ್ನು ಹಲವು ಮನೆಗೆ ಹಂಚುವ ಸ್ಪ್ಲಿಟರಿನ ಪೋರ್ಟ್ (ವೈರು ಸಿಕ್ಕಿಸುವ ಕಿಂಡಿ) ತುಂಬಿದ್ದರೆ ಹೊಸ ಸ್ಪ್ಲಿಟರ್ ಬರಬೇಕು. ಊರಿಗೆ ಬರುವ ಮುಖ್ಯ ಲಿಂಕೇ ಸಣ್ಣದಿದ್ದರೆ ತಿಂಗಳುಗಟ್ಟಲೆ. ಹೊಸ ಫೈಬರಿಗೆ ಮೆಸ್ಕಾಂನ ಕರೆಂಟ್ ಕಂಬದ ಅನುಮತಿಯೋ ರಸ್ತೆ ಅಗೆಯುವುದೋ ಬಾಕಿಯಿದ್ದು, ಆ ಮಾತು ಬಂದದ್ದು ಮೇ ಕೊನೆಯಲ್ಲಾದರೆ, ಮಳೆಗಾಲ ಕಳೆಯುವವರೆಗೆ ಕಾಯಲು ಸಿದ್ಧರಾಗಿ. ಆದ್ದರಿಂದ ‘ಯಾವಾಗ’ ಅಂತ ಕೇಳಬೇಡಿ. ‘ಫೈಬರ್ ಯಾವ ಕಂಬದವರೆಗೆ ಬಂದಿದೆ? ಅನುಮತಿ ಸಿಕ್ಕಿತಾ? ಪೋರ್ಟ್ ಖಾಲಿ ಇದೆಯಾ?’ ಅಂತ ಕೇಳಿ. ತಡವರಿಸಿದರೆ ಕೆಲಸ ಶುರುವೇ ಆಗಿಲ್ಲ ಅಂತಲೇ ಲೆಕ್ಕ.

ದೋಷ ಎಲ್ಲಿದೆ ಅಂತ ನೀವೇ ಹಿಡಿಯಬಹುದು. ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಸಿಕ್ಕಿಸಿ, ಬೆಳಿಗ್ಗೆ 6ಕ್ಕೆ, ರಾತ್ರಿ 9ಕ್ಕೆ, ಮೂರು ದಿನ ವೇಗ ಬರೆದಿಡಿ. ಬೆಳಿಗ್ಗೆ ಪೂರ್ತಿ, ರಾತ್ರಿ ಕಾಲುಭಾಗ ಅಂದರೆ ಮುಖ್ಯ ಲಿಂಕಿನ ದಟ್ಟಣೆ. ಯಾವ ಹೊತ್ತಿಗೂ 94ರ ಹತ್ತಿರವೇ ನಿಂತರೆ ಡಬ್ಬಿಯ ಅಥವಾ ಲ್ಯಾಪ್‌ಟಾಪಿನ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದು, ಅಥವಾ ಕೇಬಲಿನ ಎಂಟು ಎಳೆಗಳಲ್ಲಿ ಯಾವುದೋ ಕೈಕೊಟ್ಟಿದೆ. ಹಾಗಿರುವಾಗ 200ರ ಪ್ಲಾನಿಗೆ ದುಡ್ಡು ಸುರಿದು ಫಲವಿಲ್ಲ. ಕೇಬಲಿನಲ್ಲಿ ಚೆನ್ನಾಗಿದ್ದು ವೈಫೈಯಲ್ಲಿ ಇಲ್ಲ ಅಂದರೆ ತಪ್ಪು ನಿಮ್ಮ ದಪ್ಪ ಮಣ್ಣುಗೋಡೆಯದು.

ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ, ಒಂದು ಮಳೆಗಾಲ ತಿಂಗಳ ಲೆಕ್ಕದಲ್ಲೇ ಇರಲಿ. ಹೊಸದು ಎರಡು ವಾರ ನಿಂತು ನಡೆದ ಮೇಲಷ್ಟೇ ಹಳೆಯದನ್ನು ಬಿಡಿಸಿ. ಪ್ರತಿ ದೂರಿಗೂ ಕಂಪನಿ ಕೊಡುವ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರೆದಿಡಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೂ ಗ್ರಾಹಕ ಸಹಾಯವಾಣಿ 1915ಕ್ಕೂ ಆ ನಂಬರೇ ಬೇಕು. ಹಳೆಯ ಒಎನ್‌ಟಿ ಹಿಂತಿರುಗಿಸುವಾಗ ಸೀರಿಯಲ್ ನಂಬರ್ ಹಾಕಿದ ರಸೀದಿ ಕೇಳಿ ಪಡೆಯಿರಿ, ಠೇವಣಿ ವಾಪಸ್ ಬರುವುದು ಅದರ ಮೇಲೆ.