ಟಿವಿ ಗಾಯನ ಸ್ಪರ್ಧೆ: ಆಡಿಷನ್‌ಗೆ ಹೋಗಬೇಕೋ ಬೇಡವೋ

ಚೆನ್ನಾಗಿ ಹಾಡುತ್ತೀರಿ ಎಂದು ಹತ್ತಾರು ಜನ ಹೇಳಿರುತ್ತಾರೆ. ಆ ಮಾತು ನಿಜವೇ ಇರಬಹುದು. ಆದರೆ ಆಡಿಷನ್ ಕೋಣೆಯಲ್ಲಿ ಯಾರೂ ನಿಮ್ಮ ಅತ್ಯುತ್ತಮ ಹಾಡನ್ನು ಕೇಳುವುದಿಲ್ಲ. ಗಂಟೆಗಟ್ಟಲೆ ಕಾದು, ಗಂಟಲು ಒಣಗಿ, ಬಹಳ ಸಲ ಪಕ್ಕವಾದ್ಯವೂ ಇಲ್ಲದೆ, ಗುರುತಿಲ್ಲದವರ ಮುಂದೆ ಒಂದೆರಡು ನಿಮಿಷ ಹಾಡಬೇಕು. ಆ ಹೊತ್ತಿನಲ್ಲೂ ಹಾಡು ನಿಲ್ಲುತ್ತದೆಯೇ ಎಂಬುದನ್ನು ಅರ್ಜಿ ತುಂಬುವ ಮೊದಲೇ ಮನೆಯಲ್ಲಿ ನೋಡಿಕೊಳ್ಳಬಹುದು.

ಮೊಬೈಲಿನ ತಂಬೂರಿ ಆ್ಯಪ್‌ನಲ್ಲಿ ನಿಮ್ಮ ಶ್ರುತಿಯನ್ನು ಹತ್ತು ಸೆಕೆಂಡು ಕೇಳಿ ನಿಲ್ಲಿಸಿ. ರೆಕಾರ್ಡಿಂಗ್ ಹಾಕಿ ಪಲ್ಲವಿ ಮತ್ತು ಒಂದು ಚರಣವನ್ನು ಬರಿ ಕಂಠದಲ್ಲಿ ಹಾಡಿ. ಮುಗಿದ ಕೂಡಲೇ ಷಡ್ಜ (‘ಸ’ ಸ್ವರ) ಹಿಡಿದು ನಿಂತು, ತಂಬೂರಿ ಮತ್ತೆ ಹಾಕಿ. ಎರಡೂ ಕೂಡಿದರೆ ಒಳ್ಳೆಯದು. ಅರ್ಧ ಸ್ವರದಷ್ಟು ಕೆಳಗಿಳಿದಿದ್ದರೆ ಬಹುಪಾಲು ಅದು ಉಸಿರಿನ ದೋಷ: ಸಾಲಿನ ಕೊನೆಗೆ ಗಾಳಿ ಸಾಲದೆ ಸ್ವರ ಕುಸಿಯುತ್ತದೆ, ಮುಂದಿನ ಸಾಲು ಆ ಕುಸಿದ ಸ್ವರದಿಂದಲೇ ಶುರುವಾಗುತ್ತದೆ. ಸದಾ ಕರೋಕೆ ಜೊತೆ ಹಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಟ್ರ್ಯಾಕ್ ಅವರನ್ನು ಎತ್ತಿ ಹಿಡಿದಿರುತ್ತದೆ. ಮೇಲಕ್ಕೆ ಹೋಗಿದ್ದರೆ ಅದು ಗಾಬರಿ. ಎದೆ ಬಡಿತ ಏರಿದಾಗ ಹಾಡು ಎತ್ತಿಕೊಳ್ಳುವ ಸ್ವರವೂ ಮೇಲಾಗುತ್ತದೆ, ಲಯವೂ ಓಡುತ್ತದೆ, ಚರಣದ ಮೇಲಿನ ಸ್ವರಕ್ಕೆ ಬಂದಾಗ ಕಂಠ ಒಡೆಯುತ್ತದೆ. ಹಾಡಿನ ಅತಿ ಎತ್ತರದ ಸ್ವರ ನಿಮ್ಮ ಮಿತಿಗಿಂತ ಎರಡು ಸ್ವರ ಕೆಳಗಿರುವಂತೆ ಶ್ರುತಿ ಇಟ್ಟುಕೊಳ್ಳುವುದು ಅದಕ್ಕೇ.

ಇದನ್ನೇ ಹತ್ತು ದಿನ, ಹತ್ತು ಬೇರೆ ಬೇರೆ ಹೊತ್ತಿನಲ್ಲಿ ಮಾಡಿ: ಎದ್ದ ಕೂಡಲೇ, ಊಟವಾದ ಮೇಲೆ, ಮೆಟ್ಟಿಲು ಹತ್ತಿ ಏದುಸಿರು ಬಿಡುವಾಗ, ಮೂರು ಗಂಟೆ ಸುಮ್ಮನೆ ಕೂತೆದ್ದು. ರೆಕಾರ್ಡಿಂಗ್‌ಗಳನ್ನು ಅಂದೇ ಕೇಳಬೇಡಿ. ಎರಡು ದಿನ ಬಿಟ್ಟರೆ ಕಿವಿ ನಿಷ್ಠುರವಾಗುತ್ತದೆ. ಹತ್ತರಲ್ಲಿ ಏಳು ಸಲ ಶ್ರುತಿ ನಿಂತಿದ್ದರೆ ಹೋಗಿ ಎನ್ನುತ್ತೇವೆ. ಐದಕ್ಕಿಂತ ಕಡಿಮೆಯಾದರೆ ಈ ಸಲ ಬಿಟ್ಟು, ಆರು ತಿಂಗಳು ಉಸಿರಿನ ಸಾಧನೆ ಮಾಡಿ.

ಇನ್ನು, ಎದುರಿಗೆ ಯಾರಿರುತ್ತಾರೆ ಎಂಬ ವಿಷಯ. ದೊಡ್ಡ ಕಾರ್ಯಕ್ರಮಗಳಲ್ಲಿ ಮೊದಲ ಸುತ್ತುಗಳನ್ನು ಸಾಮಾನ್ಯವಾಗಿ ನಿರ್ಮಾಣ ತಂಡದವರೇ ನಡೆಸುತ್ತಾರೆ, ಹೆಸರಾಂತ ತೀರ್ಪುಗಾರರ ಮುಖ ಕಾಣುವುದು ಆಮೇಲೆ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾದ ‘ದಿ ವಾಯ್ಸ್’ ಮಾದರಿಯಲ್ಲಿ ತೀರ್ಪುಗಾರರು ಬೆನ್ನು ತಿರುಗಿಸಿ ಕೂತು ಕೇಳುತ್ತಾರೆ, ಆದರೆ ಆ ವೇದಿಕೆಗೆ ಬರುವವರೆಲ್ಲ ಮೊದಲೇ ಸೋಸಿ ತೆಗೆದವರು. ಸೋಸುವವರು ಕಂಠವನ್ನಷ್ಟೇ ನೋಡುವುದಿಲ್ಲ. ಒಂದೇ ಬಗೆಯ ದನಿ ಆಗಲೇ ಮೂರು ಸಿಕ್ಕಿದ್ದರೆ ನಾಲ್ಕನೆಯದು ಎಷ್ಟೇ ಚೆನ್ನಾಗಿದ್ದರೂ ಉಳಿಯುವುದು ಕಷ್ಟ. ಆಯ್ಕೆಯಾಗದಿದ್ದರೆ ಅದನ್ನು ನಿಮ್ಮ ಸಂಗೀತದ ಮೇಲಿನ ತೀರ್ಪೆಂದು ಹೊತ್ತುಕೊಂಡು ಬರಬೇಡಿ. ಒಂದು ‘ಇಲ್ಲ’ ಕೇಳಿ ಹಾಡುವುದನ್ನೇ ಬಿಟ್ಟುಬಿಡುತ್ತೇನೆ ಅನ್ನಿಸುವಂತಿದ್ದರೆ, ಈಗ ಹೋಗದಿರುವುದೇ ಮೇಲು.

ಗೆಲ್ಲುವುದೊಂದೇ ಗುರಿಯಾಗಿದ್ದರೂ ಯೋಚಿಸಿ. 2004ರ ‘ಅಮೆರಿಕನ್ ಐಡಲ್’‌ನಲ್ಲಿ ಏಳನೆಯವರಾಗಿ ಹೊರಬಂದ ಜೆನಿಫರ್ ಹಡ್ಸನ್ 2007ರಲ್ಲಿ ಆಸ್ಕರ್ ಪಡೆದರು, ಅದೂ ಚಿತ್ರವೊಂದರ ಪಾತ್ರಕ್ಕೆ. ಟಿವಿ ಮುಖ ಪರಿಚಯ ಮಾಡಿಕೊಡುತ್ತದೆ, ಮುಂದಿನ ಕೆಲಸವನ್ನು ನೀವೇ ಹುಡುಕಿಕೊಳ್ಳಬೇಕು. ಪ್ರಸಾರವಾದ ರಾತ್ರಿ ನಿಮ್ಮ ಹೆಸರು ಹುಡುಕಿದವರಿಗೆ ಕೇಳಲು ನಿಮ್ಮದೇ ನಾಲ್ಕು ಒಳ್ಳೆಯ ರೆಕಾರ್ಡಿಂಗ್ ಸಿಗುತ್ತದೆಯೇ? ಯಾರಾದರೂ ಕಾರ್ಯಕ್ರಮಕ್ಕೆ ಕರೆದರೆ ಒಂದು ಗಂಟೆಗೆ ಸಾಲುವಷ್ಟು ಹಾಡು ಬಾಯಿಪಾಠವಿದೆಯೇ? ಎರಡೂ ಇಲ್ಲದಿದ್ದರೆ ಸಿಕ್ಕ ಪರಿಚಯ ಕೈಜಾರಿ ಹೋಗುತ್ತದೆ.

ಕರಾರು ಪತ್ರವನ್ನು ಸಾಲಿನಲ್ಲಿ ನಿಂತು ಓದದೆ ಸಹಿ ಹಾಕುವವರೇ ಹೆಚ್ಚು. ಮೊದಲೇ ಪ್ರತಿ ಕೇಳಿ ಪಡೆದು, ಸಾಧ್ಯವಾದರೆ ವಕೀಲರೊಬ್ಬರಿಗೆ ತೋರಿಸಿ. ಮುಖ್ಯವಾಗಿ ನೋಡಬೇಕಾದ್ದು: ನಿಮ್ಮ ಚಿತ್ರೀಕರಣವನ್ನು ಹೇಗೆ ಬೇಕಾದರೂ ಕತ್ತರಿಸಿ ಜೋಡಿಸುವ ಹಕ್ಕು (ಸಾಮಾನ್ಯವಾಗಿ ಇದ್ದೇ ಇರುತ್ತದೆ, ಮನೆಯ ಕಷ್ಟ ಹೇಳಿಕೊಂಡರೆ ಅದೂ ತೆರೆಗೆ ಬರಬಹುದು), ಸ್ಪರ್ಧೆ ಮುಗಿದ ಮೇಲೂ ಎಷ್ಟು ತಿಂಗಳು ಬೇರೆಡೆ ಹಾಡುವಂತಿಲ್ಲ, ನಡುವೆ ಬಿಟ್ಟರೆ ದಂಡವಿದೆಯೇ, ಮುಂದಿನ ಸಂಪಾದನೆಯಲ್ಲಿ ಅವರಿಗೆ ಪಾಲಿದೆಯೇ, ಪ್ರಯಾಣ ಮತ್ತು ವಸತಿಯ ಖರ್ಚು ಯಾರದು. ನೀವೇ ರಚಿಸಿದ ಹಾಡನ್ನು ಹಾಡುವುದಾದರೆ ಅದರ ಹಕ್ಕು ಯಾರಲ್ಲಿ ಉಳಿಯುತ್ತದೆ ಎಂಬುದನ್ನು ಬರಹದಲ್ಲೇ ಕೇಳಿ. ದುಡ್ಡು ಕೊಟ್ಟರೆ ಆಯ್ಕೆ ಮಾಡಿಸುತ್ತೇನೆ ಎಂದು ಯಾರಾದರೂ ಫೋನ್ ಮಾಡಿದರೆ ಅಲ್ಲಿಗೇ ನಿಲ್ಲಿಸಿ, ವಾಹಿನಿಯ ಅಧಿಕೃತ ಪುಟದಲ್ಲಿ ವಿಚಾರಿಸಿ.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಹಿ ಹಾಕುವವರು ಹೆತ್ತವರು, ಕ್ಯಾಮೆರಾ ಮುಂದೆ ಸೋಲುವುದು ಮಗು. ‘ನಾಳೆ ಹೊರಬಿದ್ದರೂ ಪರವಾಗಿಲ್ಲವಾ?’ ಎಂದು ಮಗುವನ್ನು ಒಬ್ಬರೇ ಕೂರಿಸಿಕೊಂಡು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಗಂಡುಮಗುವಿನ ದನಿ ಒಡೆಯುತ್ತಿದ್ದರೆ ಆ ವರ್ಷ ಬೇಡವೇ ಬೇಡ.

ದನಿ ಮೂರು ವಾರ ಕಳೆದರೂ ಗೊಗ್ಗರಾಗಿಯೇ ಇದ್ದರೆ ದೊಡ್ಡವರೂ ಅರ್ಜಿಯನ್ನು ಪಕ್ಕಕ್ಕಿಟ್ಟು ಮೊದಲು ಕಿವಿ-ಮೂಗು-ಗಂಟಲು ವೈದ್ಯರಲ್ಲಿ ಧ್ವನಿತಂತು ತೋರಿಸಬೇಕು. ತಂತುವಿನಲ್ಲಿ ಗಂಟು ಕಟ್ಟಿದ್ದರೆ ಬಿಸಿನೀರು, ಶುಂಠಿಯಿಂದ ಅದು ಕರಗುವುದಿಲ್ಲ. ಅದರ ಮೇಲೇ ಒತ್ತಿ ಹಾಡಿದರೆ ಬಲಿಯುತ್ತದೆ.